ಮಗಳೇ ಮೇಡಂ, ಮಗನೇ ಮೇಷ್ಟ್ರು: ಕೆಲಸದಲ್ಲಿರುವ ಅಪ್ಪ-ಅಮ್ಮಂದಿರಿಗೆ ಎಂಟು ಸೂತ್ರಗಳು

ಆಫೀಸಿಗೆ ಹೊಸ ಸಾಫ್ಟ್‌ವೇರ್ ಬಂದಿದೆ. ಪಕ್ಕದ ಸೀಟಿನ ಇಪ್ಪತ್ತೈದರ ಹುಡುಗ ಆಗಲೇ ಪಳಗಿಬಿಟ್ಟಿದ್ದಾನೆ. ನಿಮಗೆ ಇನ್ನೂ ಹತ್ತು-ಹದಿನೈದು ವರ್ಷ ಸರ್ವೀಸ್ ಇದೆ, ಪ್ರಮೋಷನ್ ಬಾಕಿ ಇದೆ. ಕೋಚಿಂಗ್ ಸೆಂಟರ್ ಹುಡುಕಬೇಡಿ. ನೀವೇ ಫೀಸು ಕಟ್ಟಿ ಓದಿಸುತ್ತಿರುವ ಟೀಚರ್ ಒಬ್ಬರು ಮನೆಯಲ್ಲೋ, ಹಾಸ್ಟೆಲ್‌ನಲ್ಲೋ ಇದ್ದಾರೆ. ಅವರಿಂದ ಕೆಲಸ ತೆಗೆಯುವ ಕ್ರಮ ಹೀಗೆ.

1. ‘ಮಾಡಿಕೊಡು’ ಅನ್ನಬೇಡಿ, ‘ತೋರಿಸು’ ಅನ್ನಿ

ಉಳಿದ ಏಳನ್ನು ಮರೆತರೂ ಇದನ್ನು ಮರೆಯಬೇಡಿ. ಫೋನ್ ಕೈಗೆ ಕೊಟ್ಟರೆ ಮಗ ಪಟಪಟ ಅಂತ ಏನೇನೋ ಒತ್ತಿ ‘ತಗೋಮ್ಮಾ, ಆಯ್ತು’ ಅಂತ ವಾಪಸ್ ಕೊಡುತ್ತಾನೆ. ಕೆಲಸ ಮುಗಿಯಿತು, ನೀವು ಕಲಿತದ್ದು ಸೊನ್ನೆ. ಮುಂದಿನ ತಿಂಗಳು ಮತ್ತೆ ಅದೇ ಫೋನ್, ಅದೇ ಮಗ. ಆದ್ದರಿಂದ ಮೌಸ್ ನಿಮ್ಮ ಕೈಯಲ್ಲೇ ಇರಲಿ. ಅವನು ಬಾಯಲ್ಲಿ ಹೇಳಲಿ, ಸ್ಕ್ರೀನ್ ಮುಟ್ಟುವಂತಿಲ್ಲ. ‘ಅಯ್ಯೋ, ಅಲ್ಲಲ್ಲ, ರೈಟ್ ಕ್ಲಿಕ್ ಅಮ್ಮಾ’ ಅಂತ ರೇಗಿದರೆ ರೇಗಲಿ. ಮುಗಿದ ಮೇಲೆ ಎಲ್ಲ ಅಳಿಸಿ, ಅವನನ್ನು ಎಬ್ಬಿಸಿ ಕಳಿಸಿ, ನೀವೊಬ್ಬರೇ ಮೊದಲಿಂದ ಮಾಡಿ. ಕೈಗೆ ಹತ್ತುವುದು ಆಗಲೇ.

2. ಸಂಕೋಚವನ್ನು ಬಾಗಿಲಾಚೆ ಬಿಡಿ

‘ಮಕ್ಕಳ ಮುಂದೆ ದಡ್ಡರಾಗಿ ಕಾಣ್ತೀವಿ’ ಅನ್ನುವುದು ಬರೀ ಅಭ್ಯಾಸಬಲ. 1999ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥ ಜ್ಯಾಕ್ ವೆಲ್ಚ್ ತಮ್ಮ 500 ಹಿರಿಯ ಅಧಿಕಾರಿಗಳಿಗೆ, ಕಂಪನಿಯ ಕಿರಿಯರ ಬಳಿ ಕೂತು ಇಂಟರ್ನೆಟ್ ಕಲಿಯಿರಿ ಎಂದು ಹೇಳಿದ್ದರು. ತಾವೂ ಕೂತರು. ಇವತ್ತು ಕಾರ್ಪೊರೇಟ್ ಜಗತ್ತು ಇದನ್ನು ರಿವರ್ಸ್ ಮೆಂಟರಿಂಗ್ ಎನ್ನುತ್ತದೆ. ಅಷ್ಟು ದೊಡ್ಡ ಕಂಪನಿಯ ಬಾಸ್‌ಗಳಿಗೆ ಇಲ್ಲದ ನಾಚಿಕೆ ನಿಮಗೇಕೆ?

3. ‘ಕಂಪ್ಯೂಟರ್ ಕಲಿಸು’ ಎಂದು ಕೇಳಬೇಡಿ

ಅಷ್ಟು ದೊಡ್ಡ ಬೇಡಿಕೆಗೆ ಯಾವ ಮಗಳೂ ‘ಆಮೇಲೆ’ ಅಂತಲೇ ಹೇಳುತ್ತಾಳೆ. ಒಂದು ಸಲಕ್ಕೆ ಒಂದೇ ಕೆಲಸ ಕೇಳಿ. ಉದಾಹರಣೆಗೆ, ಈ ಭಾನುವಾರ ಪಿವಟ್ ಟೇಬಲ್. ಒಂದು ತಿಂಗಳ ಮನೆಖರ್ಚನ್ನು ಎಕ್ಸೆಲ್‌ಗೆ ಹಾಕಿ. ತಾರೀಕು, ಬಾಬ್ತು, ಮೊತ್ತ, ಕೊಟ್ಟವರು ಯಾರು: ನಾಲ್ಕೇ ಕಾಲಂ. ಪಿವಟ್ ಟೇಬಲ್ ಹಾಕಿದ ತಕ್ಷಣ ಬಾಬ್ತುವಾರು ಮೊತ್ತ ಎದ್ದು ನಿಲ್ಲುತ್ತದೆ. ಆಗ ಒಂದು ತಮಾಷೆ ಕಾಣುತ್ತದೆ. ಒಂದು ಕಡೆ ‘ಹಾಲು’, ಇನ್ನೊಂದು ಕಡೆ ‘ಹಾಲಿನ ಬಿಲ್’ ಅಂತ ಬರೆದಿದ್ದರೆ ಎಕ್ಸೆಲ್ ಅದನ್ನು ಎರಡು ಬೇರೆ ಖರ್ಚು ಅಂತ ತಿಳಿದು ಎರಡು ಸಾಲು ಮಾಡಿರುತ್ತದೆ. ಅದನ್ನು ಸರಿಪಡಿಸಿ ನೋಡಿ. ಡೇಟಾ ಸೈನ್ಸ್ ಓದುವ ಮಕ್ಕಳು ಡೇಟಾ ಕ್ಲೀನಿಂಗ್ ಅಂತ ಗೊಣಗುವುದು ಇದಕ್ಕೇ. ಸೋಮವಾರ ಇದೇ ವಿದ್ಯೆಯನ್ನು ಆಫೀಸಿನ ಸ್ಟಾಕ್ ರಿಜಿಸ್ಟರ್ ಮೇಲೆ ಪ್ರಯೋಗಿಸಿ.

4. ನಿಮ್ಮ ಆಫೀಸಿನ ತಲೆನೋವನ್ನೇ ಪಾಠ ಮಾಡಿಕೊಳ್ಳಿ

‘ನುಡಿ’ ಅಥವಾ ‘ಬರಹ’ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಹಳೆಯ ಪತ್ರವನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಬಾಲ ಮೂಡಿದಂತೆ ಕಾಣುತ್ತದಲ್ಲ? ಫೈಲ್ ಕೆಟ್ಟಿಲ್ಲ. ಆ ಹಳೆಯ ಫಾಂಟ್‌ಗಳು ಯೂನಿಕೋಡ್ ಅಲ್ಲ, ಫೋನ್‌ಗೆ ಅರ್ಥವಾಗುವುದು ಯೂನಿಕೋಡ್ ಮಾತ್ರ. ಮಗಳನ್ನು ಕೂರಿಸಿಕೊಂಡು ಕನ್ವರ್ಟರ್ ಬಳಸುವುದನ್ನು ಕಲಿಯಿರಿ. ‘ನುಡಿ’ಯಲ್ಲಿ ಬಳಸುವ, ಕೆ.ಪಿ. ರಾವ್ ವಿನ್ಯಾಸದ ಅದೇ ಕೀಲಿಮಣೆಯಲ್ಲಿ ಯೂನಿಕೋಡ್ ಕನ್ನಡವನ್ನೂ ಟೈಪ್ ಮಾಡಬಹುದು. ಬೆರಳುಗಳಿಗೆ ಹೊಸದೇನೂ ಕಲಿಸಬೇಕಿಲ್ಲ. (ಇಲ್ಲಿ ಮಾತ್ರ ನೀವೇ ಒಂದು ಕೈ ಮೇಲು. ‘ಊಟ ಆಯ್ತಾ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವ ಪೀಳಿಗೆಗೆ ಒತ್ತಕ್ಷರ ಟೈಪ್ ಮಾಡುವುದನ್ನು ನೀವು ಕಲಿಸಿ.)

5. ಟೈಮ್ ನೋಡಿ ಕೇಳಿ

ಇಂಟರ್ನಲ್ಸ್ ವಾರದಲ್ಲಿ, ರೆಕಾರ್ಡ್ ಸಬ್‌ಮಿಷನ್ ಹಿಂದಿನ ರಾತ್ರಿ ಫೋನ್ ಮಾಡಬೇಡಿ. ವಾರಕ್ಕೊಂದು ಸ್ಲಾಟ್ ಗೊತ್ತು ಮಾಡಿ, ಅರ್ಧ ಗಂಟೆ ಸಾಕು. ಮಕ್ಕಳು ಹಾಸ್ಟೆಲ್‌ನಲ್ಲಿದ್ದರೆ ವಿಡಿಯೋ ಕಾಲ್‌ನಲ್ಲೇ ಸ್ಕ್ರೀನ್ ಶೇರ್ ಮಾಡಿ. ಒಂದು ಎಚ್ಚರಿಕೆ ಮಾತ್ರ: ಸ್ಕ್ರೀನ್ ಶೇರ್ ಮಕ್ಕಳ ಜೊತೆ ಮಾತ್ರ. ‘ಬ್ಯಾಂಕಿನಿಂದ ಸಾರ್’ ಅಂತ ಕಾಲ್ ಮಾಡಿ ಸ್ಕ್ರೀನ್ ತೋರಿಸಿ ಅನ್ನುವವನು ಕಳ್ಳ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಈ ನಂಬರ್ ಇವತ್ತೇ ಸೇವ್ ಮಾಡಿ.

6. ವೈವಾ ತೆಗೆದುಕೊಳ್ಳಿ

ಕಲಿಯುವುದು ಆ್ಯಪ್‌ಗಳನ್ನಷ್ಟೇ ಎಂದುಕೊಳ್ಳಬೇಡಿ. ಮಗಳು ಬಯೋಟೆಕ್ ಓದುತ್ತಿದ್ದರೆ, ಮಗ ಲಾ ಓದುತ್ತಿದ್ದರೆ, ಈ ಸೆಮಿಸ್ಟರಿನ ಸಿಲಬಸ್ ತರಿಸಿಕೊಂಡು ಒಂದು ಯೂನಿಟ್ ಆರಿಸಿ. ‘ಇದನ್ನ ನನಗೆ ಅರ್ಥ ಆಗೋ ಹಾಗೆ ಕನ್ನಡದಲ್ಲಿ ಹೇಳು’ ಅನ್ನಿ. ನೀವು ಎಕ್ಸ್‌ಟರ್ನಲ್ ಎಗ್ಸಾಮಿನರ್ ಗತ್ತಿನಲ್ಲಿ ಕೂತು ಪ್ರತಿ ಉತ್ತರಕ್ಕೂ ‘ಯಾಕೆ?’ ಅಂತ ಕೇಳುತ್ತಾ ಹೋಗಿ. ಮೂರನೆಯ ‘ಯಾಕೆ’ಗೆ ಅವರು ತಡವರಿಸಿದ ಜಾಗವೇ ಅವರು ಉರು ಹೊಡೆದಿರುವ ಜಾಗ. ನಿಮಗೆ ಹೊಸ ವಿಷಯ ಸಿಕ್ಕಿತು, ಅವರಿಗೆ ಪುಕ್ಕಟೆ ರಿಹರ್ಸಲ್. ನನ್ನ ಪ್ರಕಾರ ಈ ಪಟ್ಟಿಯಲ್ಲಿ ಅತಿ ಹೆಚ್ಚು ಲಾಭದ ಸೂತ್ರ ಇದೇ, ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ.

7. ಎಐ ಕಲಿಯಿರಿ, ಅದರ ಸುಳ್ಳನ್ನೂ ಕಲಿಯಿರಿ

ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂತು. ನಿಮ್ಮ ಮಕ್ಕಳ ಅಸೈನ್‌ಮೆಂಟ್‌ಗಳಿಗೂ ಹೆಚ್ಚು ತಡಮಾಡದೆ ಬಂದಿರುತ್ತದೆ. ಅದನ್ನು ಹೇಗೆ ಕೇಳಬೇಕು ಅನ್ನುವುದರ ಜೊತೆಗೆ, ಅದು ಇಲ್ಲದ ಪುಸ್ತಕ, ಇಲ್ಲದ ಕೋರ್ಟ್ ತೀರ್ಪನ್ನು ಹುಟ್ಟಿಸಿ ಹೇಳಿದ ಒಂದು ಉದಾಹರಣೆಯನ್ನೂ ತೋರಿಸು ಅನ್ನಿ. ಡ್ರಾಫ್ಟ್ ಅದರಿಂದ ತೆಗೆಸಿ, ಅಂಕಿ-ಅಂಶ ನೀವೇ ಚೆಕ್ ಮಾಡಿ. ಆಫೀಸಿನ ಗೋಪ್ಯ ಫೈಲನ್ನು ಅದಕ್ಕೆ ಹಾಕಲೇಬೇಡಿ.

8. ಫೀಸು ಕೊಡಿ, ಜೊತೆಗೆ ಪರೀಕ್ಷೆಗೂ ಕೂರಿ

ಬರೀ ತಗೊಳ್ಳುತ್ತಿದ್ದರೆ ಟೀಚರ್‌ಗೆ ಬೇಜಾರಾಗುತ್ತದೆ. ನಿಮ್ಮ ಬಳಿ ಅವರಿಗೆ ಗೊತ್ತಿಲ್ಲದ ಸರಕು ಬೇಕಾದಷ್ಟಿದೆ. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ‘12 ಲಕ್ಷ ಸಿಟಿಸಿ’ ಅಂತ ಕುಣಿಯುವ ಹುಡುಗನಿಗೆ, ತಿಂಗಳಿಗೆ 1 ಲಕ್ಷ ಕೈಗೆ ಬರುವುದಿಲ್ಲ ಅಂತ ಆಫರ್ ಲೆಟರ್ ಹರವಿ ತೋರಿಸಿ. ಕಂಪನಿ ಕಟ್ಟುವ ಪಿಎಫ್ ಪಾಲು, ಗ್ರಾಚ್ಯುಟಿ, ಬಂದರೆ ಬಂತು ಅನ್ನುವ ವೇರಿಯೆಬಲ್ ಪೇ, ಎಲ್ಲವೂ ಸಾಮಾನ್ಯವಾಗಿ ಆ ಅಂಕಿಯ ಒಳಗೇ ಕೂತಿರುತ್ತವೆ. ಅವನ ಪಾಲಿನ ಪಿಎಫ್, ತೆರಿಗೆ ಬೇರೆ ಕಡಿತ. ನಿಮ್ಮದೇ ಹಳೆಯ ಸ್ಯಾಲರಿ ಸ್ಲಿಪ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿಸಿ.

ಆಮೇಲೆ ಇಬ್ಬರೂ ಸೇರಿ ಒಂದೇ ಎನ್‌ಪಿಟಿಇಎಲ್ ಕೋರ್ಸ್‌ಗೆ ಹೆಸರು ಹಚ್ಚಿ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಆರಂಭಿಸಿದ ಈ ಯೋಜನೆಯ ಕೋರ್ಸ್‌ಗಳು ಸ್ವಯಂ ಪೋರ್ಟಲ್‌ನಲ್ಲಿವೆ. ವಯಸ್ಸಿನ ಮಿತಿ ಇಲ್ಲ. ಕಲಿಯುವುದು ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಪಾಸಾಗಿ ಒಟ್ಟು 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರ್ಟಿಫಿಕೇಟ್ ಮೇಲೆ ‘ಎಲೀಟ್’ ಎಂದು ಬರುತ್ತದೆ. ಮೊದಲ ಸಲಕ್ಕೆ 12 ವಾರದ್ದು ಬೇಡ, 4 ಅಥವಾ 8 ವಾರದ್ದು ಹಿಡಿಯಿರಿ. ಜನವರಿ ಮತ್ತು ಜುಲೈನಲ್ಲಿ ಹೊಸ ಬ್ಯಾಚ್‌ಗಳು ಶುರುವಾಗುತ್ತವೆ. ರಿಜಿಸ್ಟ್ರೇಷನ್ ಫಾರಂ ಮಗನ ಕೈಯಲ್ಲಿ ತುಂಬಿಸಬೇಡಿ.