ಫೋನು ಎತ್ತುವ ಮುನ್ನ ಒಂದು ಮಾತು

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ನನ್ನ ಮಕ್ಕಳೇ,

ಮೂವತ್ತು ವರ್ಷ ಈ ಭಾಗದ ಕನ್ನಡ ಶಾಲೆಗಳಲ್ಲಿ ಅಕ್ಕೋರಾಗಿ ದುಡಿದವಳು ನಾನು. ನಿಮ್ಮಲ್ಲಿ ಕೆಲವರಿಗೆ, ಕೆಲವರ ಅಪ್ಪ-ಅವ್ವಂದಿರಿಗೂ ಮಗ್ಗಿ ಕಲಿಸಿದ ಸಲಿಗೆಯಿಂದ ಈ ನಾಲ್ಕು ಮಾತು ಹೇಳುತ್ತಿದ್ದೇನೆ.

ಹಳಿಯಾಳ ತಾಲ್ಲೂಕಿನ ಕಾಡಂಚಿನ ನಮ್ಮ ಶಾಲೆಗೆ ಒಮ್ಮೆ ಕ್ಯಾಮೆರಾ ಹಿಡಿದವರು ಬಂದರು. ಸಿದ್ದಿ ಮಕ್ಕಳ ಬಗ್ಗೆ ಕಾರ್ಯಕ್ರಮ ಮಾಡುತ್ತೇವೆ ಎಂದರು. ಐದನೆಯ ಇಯತ್ತೆಯ ಹುಡುಗನೊಬ್ಬ ಹಲಗೆಯ ಮುಂದೆ ನಿಂತು ಭಿನ್ನರಾಶಿಯ ಲೆಕ್ಕ ಬಿಡಿಸುತ್ತಿದ್ದ. ಅವನ ಕೈಯ ಸೀಮೆಸುಣ್ಣ ಕೆಳಗಿಡಿಸಿ, ಅಂಗಳಕ್ಕೆ ಕರೆದು ಕುಣಿ ಎಂದರು. ಅವನಿಗೆ ಕುಣಿತ ಬರುತ್ತಿರಲಿಲ್ಲ. ಅವನನ್ನು ಬದಿಗೆ ಸರಿಸಿ, ಕುಣಿಯಬಲ್ಲ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚಿತ್ರ ತೆಗೆದುಕೊಂಡು ಹೋದರು. ಸಂಜೆ ಆ ಹುಡುಗ ಬಂದು ಕೇಳಿದ: "ಅಕ್ಕೋರ, ಕುಣ್ಯಾಕ ಬರದಿದ್ರ ನಾವು ಟೀವಿಯಾಗ ಬರಂಗಿಲ್ಲೇನ್ರಿ?" ನನ್ನ ಬಳಿ ಉತ್ತರವಿರಲಿಲ್ಲ. ಅಂದು ನಾನು ಅವರನ್ನು ತಡೆಯಬೇಕಿತ್ತು, ತಡೆಯಲಿಲ್ಲ. ಆ ತಪ್ಪು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಸಿದ್ದಿಗಳ ಪೂರ್ವಜರನ್ನು ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ತಂದರು. ಗೋವಾದಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ನಮ್ಮ ಕಾಡು ಸೇರಿದರು. ಅವರ ಮನೆಮಾತು ಕೊಂಕಣಿ, ಸಂತೆಯ ಮಾತು ಕನ್ನಡ, ಮರಾಠಿ. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು. 2021ರಲ್ಲಿ 'ಸಲಗ' ಚಿತ್ರದ ಹಾಡಿನಲ್ಲಿ ಸಿದ್ದಿ ಕಲಾವಿದರ ದನಿ ನಾಡಿನ ತುಂಬ ಕೇಳಿದಾಗ ನಾನೂ ಹೆಮ್ಮೆಪಟ್ಟೆ. ಆದರೂ ದೊಡ್ಡ ಊರಿನ ಬಸ್ ನಿಲ್ದಾಣದಲ್ಲಿ ಇಳಿದ ಸಿದ್ದಿ ಹುಡುಗಿಗೆ "ಯಾವ ದೇಶದವಳು ನೀನು?" ಎಂಬ ಪ್ರಶ್ನೆ ತಪ್ಪಿಲ್ಲ. ಹಾಡು ಮನೆಮನೆ ತಲುಪಿತು, ಹಾಡಿದವರ ಬದುಕು ತಲುಪಲಿಲ್ಲ. ಹಾಡು, ಕುಣಿತ ಇವೆರಡರ ಆಚೆ ಆ ಜನಕ್ಕೆ ಹೊಲದ ಚಿಂತೆಯಿದೆ, ಕೂಲಿಯ ಲೆಕ್ಕವಿದೆ, ಓದುವ ಆಸೆಯಿದೆ.

ಚಿತ್ರದಂತೆ ಮಾತಿನ ಮೇಲೂ ಕಣ್ಣಿಡಿ. ಕಾಡಿನ ನಡುವೆ ಎರಡು ಎಕರೆ ಉಳುತ್ತ ಬಂದ ಕುಣಬಿ ಸಮುದಾಯದ ರೈತನ ಸುದ್ದಿ ಬಂದರೆ ತಲೆಬರಹದಲ್ಲಿ 'ಅತಿಕ್ರಮಣದಾರ' ಎಂದಿರುತ್ತದೆ. ಅದೇ ಕಾಡಿನ ಅಂಚಿನಲ್ಲಿ ಈಜುಕೊಳ ಕಟ್ಟಿಸಿದ ರೆಸಾರ್ಟಿನ ಸುದ್ದಿಯಾದರೆ 'ಪ್ರಕೃತಿಯ ಮಡಿಲಲ್ಲಿ' ಎಂದಿರುತ್ತದೆ. ದಿನವೂ ಓದುತ್ತ ಹೋದ ಮಗುವಿಗೆ ಒಬ್ಬ ಕಳ್ಳನಂತೆಯೂ ಇನ್ನೊಬ್ಬ ಸಾಹುಕಾರನಂತೆಯೂ ಕಾಣತೊಡಗುತ್ತಾರೆ. ಕಾನೂನು ಏನು ಹೇಳುತ್ತದೆ ಎಂದು ಯಾರೂ ಆ ಮಗುವಿಗೆ ತಿಳಿಸುವುದಿಲ್ಲ. ನಾನು ತಿಳಿಸುತ್ತೇನೆ, ಕೇಳಿ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಭೂಮಿ ಅನುಭವಿಸುತ್ತಿದ್ದರೆ ಸಾಕು, ಅದರ ಹಕ್ಕು ಕೇಳಬಹುದು. ಉಳಿದ ಅರಣ್ಯವಾಸಿಗಳು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿಯೇ ಇದ್ದೆವೆಂದು ತೋರಿಸಬೇಕು. ಘಟ್ಟದ ಕೆಳಗೆ ಗೋವಾದ ಕುಣಬಿಗಳು 2003ರಿಂದ ಪರಿಶಿಷ್ಟ ಪಂಗಡದವರು. ಘಟ್ಟದ ಮೇಲೆ ಜೋಯಿಡಾದ ಕುಣಬಿಗಳಿಗೆ, ನಮ್ಮ ಗೌಳಿಗಳಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಕಾಗದವೇ ಕಾಣದ ಅಜ್ಜ 75 ವರ್ಷದ ದಾಖಲೆ ಎಲ್ಲಿಂದ ತಂದಾನು?

ಕಾಳಿ ನದಿಯ ಕಥೆಯೂ ಹೀಗೆಯೇ. ಗಣೇಶಗುಡಿಯಲ್ಲಿ ರಾಫ್ಟಿಂಗ್ ಮಾಡುವವರ ನಗುಮುಖ ನಿಮ್ಮ ಫೋನುಗಳಲ್ಲಿ ದಿನವೂ ಹಾಯುತ್ತದೆ. ಆ ದೋಣಿ ತೇಲುವುದು 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರಿನ ಮೇಲೆ. ಆ ಅಣೆಕಟ್ಟಿಗಾಗಿ ಸೂಪಾ ಎಂಬ ಊರೇ ಮುಳುಗಿತು. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು, ಮನೆ ಕಳೆದುಕೊಂಡವರು ರಾಮನಗರಕ್ಕೆ ಹೋದರು. ನಾಡಿಗೆ ವಿದ್ಯುತ್ತಿನ ಬೆಳಕು ಕೊಟ್ಟ ಆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಳೆಗಾಲದಲ್ಲಿ ರೋಗಿಯನ್ನು ಹೊತ್ತು ತಂದರೆ ಅದು ಒಂದು ದಿನದ 'ಮನಕಲಕುವ ದೃಶ್ಯ'. ಮರುದಿನ ಮತ್ತೆ ರಾಫ್ಟಿಂಗ್. ಆ ದೃಶ್ಯಕ್ಕೂ ಈ ನಗುವಿಗೂ ಇರುವ ನಂಟನ್ನು ಯಾರೂ ಜೋಡಿಸಿ ಹೇಳುವುದಿಲ್ಲ.

ಮುಂಡಗೋಡದ ಮಕ್ಕಳಿಗೆ ಇನ್ನೊಂದು ಮಾತು. ಟಿಬೆಟಿಯನ್ ಕ್ಯಾಂಪಿನ ಬಂಗಾರದ ಬಣ್ಣದ ಮಂದಿರಗಳ ಚಿತ್ರ ನೋಡಿ, ಟಿಬೆಟಿಯನ್ನರೆಲ್ಲ ಸಿರಿವಂತರು, ಅವರಿಂದಲೇ ನಾವು ಹಿಂದುಳಿದೆವು ಎಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ. ದೇಶ ಕಳೆದುಕೊಂಡು 1966ರಲ್ಲಿ ಇಲ್ಲಿಗೆ ಬಂದ ಜನ ಕಾಡು ಕಡಿದು ಹೊಲ ಮಾಡಿದವರು, ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರಿದವರು. ಬಡವನ ಸಿಟ್ಟನ್ನು ಪಕ್ಕದ ಮನೆಯವನ ಮೇಲೆ ತಿರುಗಿಸುವುದು ಸುಲಭ. ಆಗ ನಿಜವಾದ ಕಾರಣ ಕೇಳುವವರೇ ಇಲ್ಲದಂತಾಗುತ್ತದೆ.

ಇಷ್ಟು ವರ್ಷ ನೋಡಿ ನಾನು ಕಂಡುಕೊಂಡದ್ದು ಇಷ್ಟೇ: ಬಡತನವನ್ನು ತೋರಿಸಿ ಅದರ ಕಾರಣವನ್ನು ಬಿಟ್ಟರೆ, ನೋಡಿದವರು ಬಡವನನ್ನೇ ಕಾರಣ ಎಂದು ತಿಳಿಯುತ್ತಾರೆ. ಸೋಮಾರಿ, ಕುಡುಕ, ಓದದವನು ಎಂದು ಷರಾ ಬರೆದುಬಿಡುತ್ತಾರೆ. ಕೊನೆಗೆ ಬಡವರ ಮಕ್ಕಳೇ ಅದನ್ನು ನಂಬುತ್ತಾರೆ. ನನಗೆ ಅತಿ ಹೆಚ್ಚು ಭಯವಿರುವುದು ಇದರ ಬಗ್ಗೆಯೇ. ಧಾರಾವಾಹಿಯ ಬಂಗಲೆ, ಅಡುಗೆಮನೆಯಲ್ಲೂ ರೇಷ್ಮೆ ಸೀರೆ ಉಟ್ಟ ಸೊಸೆಯನ್ನು ನೋಡಿದ ಹುಡುಗಿ ತನ್ನ ಅವ್ವನ ಕೈಯ ಸಗಣಿಗೆ ನಾಚಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಫೋನು ಬಿಸಾಡಿ ಎಂದು ನಾನು ಹೇಳುವುದಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಜಿಲ್ಲೆಯ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟ್ ಬಳಿ ಉರುಳಿ ಜೀವಗಳು ಹೋದಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ಫೋನಿನಿಂದಲೇ ದನಿ ಎತ್ತಿದವರು ನಿಮ್ಮಂಥ ಹುಡುಗರು. ಆ ದನಿಯನ್ನು ಪತ್ರಿಕೆಗಳು ಬರೆದವು, ಅಧಿಕಾರದಲ್ಲಿದ್ದವರು ಉತ್ತರ ಹೇಳಬೇಕಾಯಿತು. ಅಂದು ನೀವು ಅಳುವ ಮುಖ ತೋರಿಸಿ ಸುಮ್ಮನಾಗಲಿಲ್ಲ, ಕಾರಣ ತೋರಿಸಿದಿರಿ.

ಹಾಗೆಯೇ ಮುಂದುವರಿಯಿರಿ. ಒಬ್ಬರ ಗುಡಿಸಲಿನ ಚಿತ್ರ ತೆಗೆಯುವ ಮೊದಲು ಅವರನ್ನು ಕೇಳಿ, ತೆಗೆದದ್ದನ್ನು ಅವರಿಗೆ ಮೊದಲು ತೋರಿಸಿ. ಮನೆಯ ಸೂರು ಸೋರುತ್ತಿದೆ ಎಂದು ಹೇಳುವಾಗ ಪಹಣಿಯಲ್ಲಿ ಯಾರ ಹೆಸರಿದೆ, ಆಸ್ಪತ್ರೆ ಎಷ್ಟು ಕಿಲೋಮೀಟರ್, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನೂ ಹೇಳಿ. ಗೊತ್ತಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ಅರಣ್ಯ ಹಕ್ಕಿನ ಅರ್ಜಿ ಮೊದಲು ಬರುವುದು ಗ್ರಾಮಸಭೆಗೆ, ಅಲ್ಲಿಗೆ ಹೋಗಿ ಕೂತು ಕೇಳಿ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಹಲಗೆಯ ಮುಂದಿದ್ದ ಆ ಹುಡುಗನಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಇಂದು ಆ ಉತ್ತರ ಕೊಡಬಲ್ಲವರು ನೀವು. ನಿಮ್ಮ ಊರಿನ ಮಗು ಲೆಕ್ಕ ಬಿಡಿಸುವಾಗಲೂ ಒಮ್ಮೆ ಫೋನು ಎತ್ತಿ, ಮಕ್ಕಳೇ.