ಘನ ಅಡಿಯ ಲೆಕ್ಕ

ಫ್ಯೂಟಾನ್ ಹಾಸಿಗೆಗೊಂದು ಮರದ ಚೌಕಟ್ಟು ಕೇಳಿದ್ದಕ್ಕೆ ಮೈಸೂರಿನ ಅಂಗಡಿಯಲ್ಲಿ ₹16,000 ಹೇಳಿದರು. ‘ನೋ ಕಾಸ್ಟ್ ಇಎಂಐ ಇದೆ’ ಎಂದೂ ಸೇರಿಸಿದರು. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿಯಾಗಿದೆ. ನಮ್ಮ ಕೈತಪ್ಪಿದ ರಿಯಾಯಿತಿಯಲ್ಲೋ ಪ್ರೊಸೆಸಿಂಗ್ ಶುಲ್ಕದಲ್ಲೋ ಬಡ್ಡಿ ಇದ್ದೇ ಇರುತ್ತದೆ. ನಾನು ಸಾಲ ಬೇಡವೆಂದು ಸಾಮಿಲ್‌ಗೆ ಹೋದೆ.

ಅಲ್ಲಿ ಮರ ಮಾರುವುದು ಘನ ಅಡಿಯಲ್ಲಿ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಮುಗಿಯಿತು. 6 ಅಡಿ ಉದ್ದ, 4 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಪಕ್ಕದ ಪಟ್ಟಿ ಕಾಲು ಘನ ಅಡಿ. 6 ಅಡಿ ಉದ್ದ, 3 ಅಡಿ ಅಗಲದ ನನ್ನ ಚೌಕಟ್ಟಿಗೆ ಕಾಲು, ನಡುತೊಲೆ, 14 ಅಡ್ಡಪಟ್ಟಿ ಎಲ್ಲ ಸೇರಿ ಎರಡು ಘನ ಅಡಿಯೂ ಆಗಲಿಲ್ಲ. ಕೊಯ್ಯುವಾಗ, ಹತ್ತರಿ ಹೊಡೆಯುವಾಗ ಹೋಗುವುದನ್ನೂ ಸೇರಿಸಿ ಎರಡೂವರೆ ತಂದೆ. ಈ ಅಂಕಿ ಕೈಯಲ್ಲಿದ್ದರೆ ಯಾವ ಅಂಗಡಿಯ ಬೆಲೆಯನ್ನಾದರೂ ನೀವೇ ಅಳೆಯಬಹುದು.

ಸಾಗವಾನಿ ಬೇಕೇಬೇಕು ಎನ್ನುವುದು ನಮ್ಮ ಮನೆಗಳ ಹಟ. ಒಳಗೆ, ನೀರು ತಾಗದ ಜಾಗದಲ್ಲಿಡುವ ಮಂಚಕ್ಕೆ ಸಿಲ್ವರ್ ಓಕ್ ಸಾಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದೂ ಮೆಣಸಿನ ಬಳ್ಳಿ ಹಬ್ಬಿಸಲೆಂದೂ ಬೆಳೆಸುವ ಮರವದು. ಸಾಗವಾನಿಯ ಅರ್ಧ ಬೆಲೆಯೂ ಇಲ್ಲ. ಹಸಿ ಮರ ಮಾತ್ರ ಬೇಡ. ಒಣಗಿದ ಹಲಗೆ ಎತ್ತಿದರೆ ಹಗುರ, ಬೆರಳಲ್ಲಿ ಕುಟ್ಟಿದರೆ ಟಣ್ ಎನ್ನುತ್ತದೆ. ಹುಳು ಬೀಳದಂತೆ ಔಷಧಿ ಬಳಿಯುವುದನ್ನು ತಪ್ಪಿಸಬೇಡಿ.

ಅಂಗಡಿಯ ಚೌಕಟ್ಟಿನಲ್ಲಿ, ಮಂಚವನ್ನು ಸೋಫಾದಂತೆ ಮಡಚುವ ಕಬ್ಬಿಣದ ಜೋಡಣೆಯೇ ಬೆಲೆ ಏರಿಸುವುದು. ಅದನ್ನು ಕೈಬಿಟ್ಟೆ. ಜಪಾನಿನಲ್ಲಿ ಫ್ಯೂಟಾನ್ ನೆಲದ ಮೇಲೆ ಹಾಸಿ, ಬೆಳಿಗ್ಗೆ ಮಡಚಿಡುವ ಹಾಸಿಗೆ ತಾನೇ? ನಮ್ಮಲ್ಲೂ ಹಗಲು ಹಾಸಿಗೆಯ ಅಂಚನ್ನು ಮಡಚಿ ಗೋಡೆಗೆ ಒತ್ತಿದರೆ ಒರಗಲು ಆಯಿತು. ಪಟ್ಟಿಗಳ ನಡುವೆ ಎರಡು ಇಂಚಿಗಿಂತ ತುಸು ಹೆಚ್ಚು ಸಂದು ಬಿಟ್ಟಿದ್ದೇನೆ. ಕೆಳಗಿನಿಂದ ಗಾಳಿಯಾಡಿದರೆ ಹತ್ತಿ ಹಾಸಿಗೆ ಮುಗ್ಗುವುದಿಲ್ಲ. ಮೂಲೆಗಳಿಗೆ ಮೊಳೆಯಲ್ಲ, ಬೋಲ್ಟು. ಬಾಡಿಗೆ ಮನೆ ಬದಲಿಸುವವರಿಗೆ ಬಿಚ್ಚಿ ಜೋಡಿಸುವ ಮಂಚವೇ ಉಳಿತಾಯ.

ಮರ, ಕೊಯ್ಯುವ ಕೂಲಿ, ಬೋಲ್ಟು, ಪಾಲಿಶ್ ಸೇರಿ ₹4,200 ಆಯಿತು. ನನ್ನ ದುಡಿಮೆ ಇದರಲ್ಲಿಲ್ಲ. ಡ್ರಿಲ್ ಪಕ್ಕದ ಮನೆಯವರದು. ಒಂದು ಮಂಚಕ್ಕೆಂದು ಯಂತ್ರ ಕೊಂಡರೆ ಉಳಿದ ಹಣ ಅಲ್ಲೇ ಕರಗುತ್ತದೆ. ಬಡಗಿಗೆ ಎರಡು ದಿನದ ಕೂಲಿ ಕೊಟ್ಟಿದ್ದರೂ ಅಂಗಡಿಯ ಬೆಲೆ ಮುಟ್ಟುತ್ತಿರಲಿಲ್ಲ. ಊರಿನ ಬಡಗಿಗೆ ಕೆಲಸ ಕೊಡುವ ಆ ದಾರಿಯೂ ನನಗೆ ಇಷ್ಟವೇ.