ಮೀನಿಲ್ಲದ ಮನೆಯಲ್ಲಿ ಮೀನಿನ ನಾತ

ಮೊದಲು ಬೈಸಿಕೊಂಡದ್ದು ಬೆಕ್ಕು. ಆಮೇಲೆ ಮಹಡಿಯ ಬಾಡಿಗೆಯವರು. ನಮ್ಮದು ಈರುಳ್ಳಿಯನ್ನೂ ದಿನ ನೋಡಿ ಹೆಚ್ಚುವ ಮನೆ. ಅಂಥಲ್ಲಿ ಬೆಳಗಾದರೆ ಹಳಸಿದ ಮೀನಿನ ನಾತ. ಮೇಲಿನವರು ಕುಮಟೆ ಕಡೆಯವರು, ನನಗೆ ಅಷ್ಟು ಸಾಕಿತ್ತು.

ವಾಸನೆ ಬೆಳಗ್ಗೆ ಆರರಿಂದ ಎಂಟರವರೆಗೆ ಮಾತ್ರ. ಮಧ್ಯಾಹ್ನದ ಹೊತ್ತಿಗೆ ತಾನಾಗಿ ಮಾಯ. ಅದು ಸ್ನಾನದ ಹೊತ್ತು ಎಂದು ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಎರಡು ವಾರ ಮೋರಿಗೆ ಫಿನಾಯಿಲ್ ಸುರಿದೆ, ಅಟ್ಟದ ಮೇಲೆ ಸತ್ತ ಇಲಿ ಹುಡುಕಿಸಿದೆ. ಫ್ಯಾನ್ ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್‌ಗೂ ಹೇಳಿದೆ. "ಮೀನಿನ ವಾಸನೆಗೆ ನಾನೇನ್ ಮಾಡ್ಲಿ ಮೇಡಂ" ಎಂದು ನಕ್ಕು, ದುಡ್ಡು ಎಣಿಸಿಕೊಂಡು ಹೋದ. ಮನೆ ಕಟ್ಟುವಾಗ ವೈರಿಂಗ್ ಉಸ್ತುವಾರಿ ಹೊತ್ತಿದ್ದ ನಮ್ಮ ಭಾವನವರಂತೂ, "ಎಂಸಿಬಿ ಬಿದ್ದಿಲ್ಲ ಅಂದ್ಮೇಲೆ ಕರೆಂಟಿನ ತೊಂದ್ರೆ ಅಲ್ಲವೇ ಅಲ್ಲ" ಎಂದು ಫೋನಿನಲ್ಲೇ ತೀರ್ಪು ಕೊಟ್ಟರು.

ಒಂದು ಶನಿವಾರ ಬೆಳಗ್ಗೆ ಮಹಡಿ ಹತ್ತಿ ಕೇಳಿಯೇಬಿಟ್ಟೆ. ಆ ಹುಡುಗಿ ಬಾಗಿಲಲ್ಲೇ ನಿಂತು, "ಅಕ್ಕಾ, ಶ್ರಾವಣ ಬಂದ್ಮೇಲೆ ನಮ್ಮನೇಲಿ ಮೀನೇ ತಂದಿಲ್ಲ" ಎಂದಳು. ನಾನು ನಂಬಲಿಲ್ಲ. "ಹಾಗಾದ್ರೆ ಕೆಳಗೆ ಬಂದು ಮೂಸಿ ನೋಡಮ್ಮ" ಎಂದು ಕರೆತಂದೆ. ಬಾಯಿ ಮುಚ್ಚಿಸಬೇಕೆಂದೇ ಕರೆತಂದದ್ದು, ಸುಳ್ಳೇಕೆ.

ನಡುಮನೆಯಲ್ಲಿ ನಿಂತು ಎರಡು ಸಲ ಉಸಿರೆಳೆದುಕೊಂಡಳು. "ಇದು ಮೀನಲ್ಲ ಅಕ್ಕಾ. ಮೀನಾದ್ರೆ ನಂಗೆ ಗೊತ್ತಾಗಲ್ವಾ?" ಗೋಡೆ ಮೂಸುತ್ತಾ ಬಚ್ಚಲಿನ ಬಾಗಿಲವರೆಗೂ ಹೋದಳು. ಒಳಗೆ ಅತ್ತೆ ಸ್ನಾನ ಮಾಡುತ್ತಿದ್ದರು. ಹೊರಗಿನ ಗೀಸರ್ ಪ್ಲಗ್ಗಿನ ಮುಂದೆ ನಿಂತು "ಇಲ್ಲಿ" ಎಂದಳು. ಕಿವಿಗೊಟ್ಟರೆ ಬಿಸಿ ಎಣ್ಣೆಗೆ ಸಾಸಿವೆ ಬಿದ್ದಂಥ ಸಣ್ಣ ಸದ್ದು. ಬಿಳಿ ಪ್ಲೇಟಿನ ಒಂದು ಮೂಲೆ ಕಾಫಿ ಚೆಲ್ಲಿದ ಬಣ್ಣಕ್ಕೆ ತಿರುಗಿತ್ತು. ನಾನು ಪ್ಲಗ್ ಕೀಳಲು ಕೈ ಚಾಚಿದೆ. ಅವಳು ನನ್ನ ಮುಂಗೈ ಹಿಡಿದೆಳೆದು, "ಮೇನ್! ಮೊದ್ಲು ಮೇನ್ ತೆಗೀರಿ!" ಎಂದು ಚೀರಿದಳು. ಮೇನ್ ಸ್ವಿಚ್ ಇರುವುದು ಜಗಲಿಯಲ್ಲಿ. ಆ ಹತ್ತು ಹೆಜ್ಜೆ ಓಡುವಾಗ ಸೀರೆ ಕಾಲಿಗೆ ತೊಡರಿ ಹೊಸ್ತಿಲ ಮೇಲೆ ಬಿದ್ದೆ, ಎದ್ದೆ, ಸ್ವಿಚ್ ಇಳಿಸಿದೆ. ಒಳಗಿನಿಂದ ಅತ್ತೆ, "ಲೈಟ್ ಯಾರೇ ಆರಿಸಿದ್ದು? ಕಣ್ತುಂಬ ಸೋಪಿದೆ!" ಎಂದು ಕೂಗುತ್ತಿದ್ದರು. ನನಗೆ ಉತ್ತರ ಕೊಡಲು ಬಾಯಿಯೇ ಬರಲಿಲ್ಲ.

ಬೇರೆ ಎಲೆಕ್ಟ್ರಿಷಿಯನ್ ಬಂದು ಪ್ಲೇಟ್ ಬಿಚ್ಚಿದಾಗ ವೈರು ಕಪ್ಪಗೆ ಕರಿದುಹೋಗಿತ್ತು, ಪ್ಲಾಸ್ಟಿಕ್ ಹಪ್ಪಳದಂತೆ ಗುಳ್ಳೆಯೆದ್ದಿತ್ತು. ಒಂದೇ ಒಂದು ಸ್ಕ್ರೂ ಸಡಿಲ. 2000 ವ್ಯಾಟ್‌ನ ಗೀಸರ್ ಹತ್ತಿರಹತ್ತಿರ 9 ಆಂಪ್ ಎಳೆಯುತ್ತದೆ. ಕೂಡಿಕೆ ಸಡಿಲವಾದರೆ ಅಷ್ಟೂ ಕರೆಂಟು ಅಲ್ಲಿ ಇಕ್ಕಟ್ಟಿನಲ್ಲಿ ಹರಿದು ಕಾಯುತ್ತದೆ. ಎಂಸಿಬಿ ಬೀಳುವುದು ಕರೆಂಟು ಮಿತಿಮೀರಿದಾಗ, ಇಲ್ಲವೇ ಶಾರ್ಟ್ ಆದಾಗ. ಇಲ್ಲಿ ಎರಡೂ ಆಗಿರಲಿಲ್ಲ. ಭಾವನವರಿಗೆ ಇದನ್ನು ಹೇಳಿದರೆ, "ಸ್ಕ್ರೂ ನೋಡ್ಕೊಳ್ಳೋದು ಮನೆಯವರ ಕೆಲಸ" ಎಂದರು! ಸ್ವಿಚ್ಚು, ಪ್ಲಗ್ಗುಗಳಿಗೆ ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್‌ನಂಥ ಗಟ್ಟಿ ಪ್ಲಾಸ್ಟಿಕ್ ಕಾದಾಗ ಅಮೈನುಗಳು ಹೊರಡುತ್ತವಂತೆ. ಹಳಸಿದ ಮೀನು ನಾರುವುದೂ ಅದೇ ಬಳಗದ ವಸ್ತುವಿನಿಂದ. ಅಡುಗೆ ಗ್ಯಾಸಿಗೆ ಸ್ವಂತ ವಾಸನೆಯಿಲ್ಲ, ಸೋರಿದರೆ ತಿಳಿಯಲೆಂದು ಮರ್ಕ್ಯಾಪ್ಟನ್ ಬೆರೆಸುತ್ತಾರೆ ಎಂಬುದು ನನಗೆ ಗೊತ್ತಿತ್ತು. ಈ ಮೀನಿನ ವಿಚಾರ ಯಾರೂ ಹೇಳಿರಲಿಲ್ಲ.

ಆ ಹುಡುಗಿಯ ಮುಂದೆ ತಪ್ಪಾಯಿತು ಅಂದೆ. ಪರವಾಗಿಲ್ಲ ಅಂದಳು. ದಸರೆಗೆ ಮುಂಚೆ ಮನೆ ಖಾಲಿ ಮಾಡಿದರು.

ನಿಮ್ಮ ಮನೆಯಲ್ಲೂ ಕಾರಣವಿಲ್ಲದೆ ಮೀನು ನಾರಿದರೆ, ಯಾವ ಯಂತ್ರ ಓಡುವಾಗ ನಾರುತ್ತದೆಂದು ಗಮನಿಸಿ. ಒಳಗೇ ಕೂತ ಮೂಗು ಐದು ನಿಮಿಷಕ್ಕೆ ಜಡ್ಡುಗಟ್ಟುತ್ತದೆ, ಹೊರಗೆ ಹೋಗಿ ಬಂದು ಮೂಸಿ. ಪ್ಲಗ್ ಮುಟ್ಟಬೇಡಿ, ಮೇನ್ ಆರಿಸಿ, ಬೋರ್ಡ್ ಬಿಚ್ಚಿಸಿ. ಮಹಡಿಯವರ ಜೊತೆ ಜಗಳ ಆಮೇಲೂ ಆಡಬಹುದು.